‘ಲಿಮಿಟೇಶನ್’ ಎಂಬ ಗೆರೆ

ಇಂಗ್ಲಿಷಿನ ‘ಲಿಮಿಟೇಶನ್’ ಎಂಬ ಶಬ್ದ ನಮ್ಮ ಊರುಗಳಿಗೆ ಎರಡು ಬಾಗಿಲಿಂದ ಬಂದಿದೆ. ಒಂದು ಕಾಲೇಜಿನ ಬಾಗಿಲು, ಇನ್ನೊಂದು ಕೋರ್ಟಿನ ಬಾಗಿಲು. ಕಾಲೇಜಿನಿಂದ ಬಂದದ್ದು ‘ಮಿತಿ’, ‘ಇತಿಮಿತಿ’ ಎಂಬ ಕನ್ನಡದ ಅಂಗಿ ತೊಟ್ಟು ವಿಮರ್ಶಕರ ಬಾಯಲ್ಲಿ, ಭಾಷಣಕಾರರ ಬಾಯಲ್ಲಿ ಓಡಾಡಿಕೊಂಡಿದೆ. ಕೋರ್ಟಿನಿಂದ ಬಂದದ್ದು ಕಾಗದದ ಮೇಲೆ ‘ಕಾಲಮಿತಿ’, ‘ಕಾಲಪರಿಮಿತಿ’ ಅಂತ ಬರೆಸಿಕೊಂಡರೂ ಜನರ ಬಾಯಲ್ಲಿ ಇಂಗ್ಲಿಷಿನಲ್ಲೇ ಉಳಿದಿದೆ. ‘ಲಿಮಿಟೇಶನ್ ಹೋಯ್ತು ಕಣಪ್ಪ, ಇನ್ನೇನೂ ಮಾಡಕ್ಕಾಗಲ್ಲ’ ಎಂದು ವಕೀಲರು ಹೇಳಿದ ಮೇಲೆ ಕಾಗದದ ಗಂಟು ಕಂಕುಳಲ್ಲಿಟ್ಟುಕೊಂಡು ಕೋರ್ಟಿನ ಮೆಟ್ಟಿಲು ಇಳಿಯುವವರಿಗೆ ಆ ಪದದ ಅರ್ಥ ನಿಘಂಟು ನೋಡದೆಯೇ ತಿಳಿದುಹೋಗುತ್ತದೆ.

ಈ ಎರಡು ಅರ್ಥಗಳಿಗೆ ನಂಟು ಏನು ಎಂದು ನಾವು ಇಲ್ಲಿ ಕೇಳಹೊರಟಿದ್ದೇವೆ. ಇದು ಪಂಡಿತರ ಶಬ್ದಚಪಲವಲ್ಲ. ಒಂದೇ ಮಾತು ಒಬ್ಬನ ಬಾಯಲ್ಲಿ ವಿನಯವಾಗಿ, ಇನ್ನೊಬ್ಬನ ಕಿವಿಗೆ ಬೆದರಿಕೆಯಾಗಿ, ಮತ್ತೊಬ್ಬನ ಎರಡು ಎಕರೆ ದರಖಾಸ್ತು ಜಮೀನಿಗೆ ಬಾಯಾಗಿ ಪರಿಣಮಿಸುವುದಾದರೆ, ಆ ಮಾತನ್ನು ಬಿಚ್ಚಿ ನೋಡುವುದು ವಿಮರ್ಶೆಯ ಕೆಲಸವೇ.

ಮೊದಲು ಪದದ ಹುಟ್ಟು. ಲ್ಯಾಟಿನ್ನಿನಲ್ಲಿ ‘ಲಿಮೆಸ್’ ಅಂದರೆ ಎರಡು ಹೊಲಗಳ ನಡುವಿನ ಬದು, ಗಡಿಯ ದಾರಿ. ರೋಮನ್ ಮೋಜಣಿದಾರರು ಹೊಲಗಳಿಗೆ ಗೆರೆ ಎಳೆದು ಹಂಚುತ್ತಿದ್ದ ಕೆಲಸಕ್ಕೆ ‘ಲಿಮಿಟಾಶಿಯೊ’ ಎನ್ನುತ್ತಿದ್ದರು. ಅಂದರೆ ಈ ಶಬ್ದ ಹುಟ್ಟಿದ್ದು ಮನುಷ್ಯನ ಯೋಗ್ಯತೆ ಅಳೆಯುವುದಕ್ಕಲ್ಲ, ಮಣ್ಣು ಅಳೆಯುವುದಕ್ಕೆ. ಇದನ್ನು ತಿಳಿಯಲು ನಾವು ರೋಮಿಗೂ ಹೋಗಬೇಕಿಲ್ಲ. ನಮ್ಮಲ್ಲೇ ‘ಹದ್ದುಬಸ್ತು’ ಎಂಬ ಮಾತಿದೆ. ಸರ್ವೆ ಆಫೀಸಿಗೆ ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರ್ವೇಯರು ಬಂದು ಗಡಿ ಗುರುತು ಮಾಡಿ ಕಲ್ಲು ನೆಡಿಸುತ್ತಾನೆ. ಅದೇ ಮಾತನ್ನು ಮನುಷ್ಯರ ಮೇಲೆ ಹಾಕಿದರೆ ‘ಅವರನ್ನ ಹದ್ದುಬಸ್ತಿನಲ್ಲಿ ಇಡಬೇಕು’ ಅಂತಾಗುತ್ತದೆ. ಮಣ್ಣಿಗೆ ಎಳೆದ ಗೆರೆ ಮೈಮೇಲೆ ಬರುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಊರು ಮತ್ತು ಕೇರಿಯ ನಡುವಿನ ಗೆರೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ.

ದಿನಬಳಕೆಯ ಇಂಗ್ಲಿಷಿನಲ್ಲಿ ‘ಲಿಮಿಟೇಶನ್’ ಅಂದರೆ ಕೊರತೆ, ಆಗದಿರುವಿಕೆ, ಸಾಮರ್ಥ್ಯ ಮುಗಿಯುವ ಜಾಗ. ‘ನನ್ನ ಮಿತಿ ನನಗೆ ಗೊತ್ತು’ ಎಂದು ದೊಡ್ಡ ಮನುಷ್ಯ ಹೇಳಿದರೆ ಅದು ವಿನಯ. ಅವನ ಮಿತಿ ಅವನಿಗೆ ಒಡವೆ. ಅದೇ ಇಂಗ್ಲಿಷು ಅರ್ಧ ಮುರಿದು ಹಳ್ಳಿಯ ಜಗಲಿಗೆ ಬಂದಾಗ ‘ಏಯ್, ಲಿಮಿಟ್ನಲ್ಲಿರೋ’ ಅಂತಾಗುತ್ತದೆ. ಹೋಟೆಲಿನ ಒಳಗೆ ಬೆಂಚಿನ ಮೇಲೆ ಕೂತವನಿಗೆ, ಹೊಸ ಬೂಟು ಹಾಕಿದವನಿಗೆ, ಊರ ಬೀದಿಯಲ್ಲಿ ಮೋಟಾರ್ ಸೈಕಲ್ಲಿನಿಂದ ಇಳಿಯದೆ ಹೋದವನಿಗೆ ಹೇಳುವ ಮಾತು ಇದು. ಇಲ್ಲಿ ಮಿತಿ ಅಂದರೆ ಇವನ ಒಳಗಿನ ಕೊರತೆ ಅಲ್ಲವೇ ಅಲ್ಲ; ಇನ್ನೊಬ್ಬ ಎಳೆದು ಇಟ್ಟ ಗೆರೆ. ಆದರೆ ಒಂದೇ ಶಬ್ದ ಬಳಸುವುದರಿಂದ ಎಳೆದವನು ಮಾಯವಾಗಿ, ಗೆರೆಯಾಚೆ ನಿಂತವನದೇ ಕೊರತೆ ಎಂಬಂತೆ ಕೇಳುತ್ತದೆ.

ನಮ್ಮ ಸಾಹಿತ್ಯ ವಿಮರ್ಶೆಯೂ ಇದೇ ಕೆಲಸ ಮಾಡಿಕೊಂಡು ಬಂದಿದೆ. ದಲಿತರು, ಶೂದ್ರರು ಬರೆಯತೊಡಗಿದ ದಿನದಿಂದ ‘ಅನುಭವದ ಮಿತಿ’, ‘ಭಾಷೆಯ ಮಿತಿ’, ‘ಘೋಷಣೆಯ ಮಿತಿ’ ಎಂಬ ಮಾತುಗಳು ವಿಮರ್ಶೆಯ ಕೊನೆಯ ಪ್ಯಾರಾದಲ್ಲಿ ತಪ್ಪದೆ ಬಂದು ಕೂರುತ್ತವೆ. ಅಗ್ರಹಾರದ ಮೂರು ಮನೆಗಳೊಳಗೇ ಸುತ್ತುವ ಕಾದಂಬರಿಗೆ ಅದು ‘ಆಳ’ ಎನಿಸುತ್ತದೆ. ಕೇರಿಯ ಮೂರು ಗುಡಿಸಲೊಳಗೆ ಸುತ್ತುವ ಕಥೆಗೆ ಮಾತ್ರ ಅದು ‘ಮಿತಿ’. ದಲಿತ ಬರಹಕ್ಕೆ ಕೊರತೆಗಳೇ ಇಲ್ಲ ಎಂದು ನಾವು ವಾದ ಹೂಡುತ್ತಿಲ್ಲ. ಕೆಟ್ಟ ಪದ್ಯ ಯಾರು ಬರೆದರೂ ಕೆಟ್ಟದ್ದೇ. ಕೊರತೆ ಎನ್ನಿ, ದೋಷ ಎನ್ನಿ, ಎದುರಿಗೆ ನಿಂತು ಹೇಳಿ. ‘ಮಿತಿ’ ಎಂಬ ನಯದ ಮಾತಿನೊಳಗೆ ಅಳತೆಗೋಲು ಯಾರ ಕೈಯಲ್ಲಿತ್ತು ಎಂಬುದನ್ನು ಬಚ್ಚಿಡಬೇಡಿ ಎಂದಷ್ಟೆ ನಮ್ಮ ತಕರಾರು.

ಈಗ ಕೋರ್ಟಿನ ಬಾಗಿಲಿಗೆ ಬರೋಣ. ಕಾನೂನಿನಲ್ಲಿ ‘ಲಿಮಿಟೇಶನ್’ ಅಂದರೆ ಕೊರತೆಯಲ್ಲ, ಗಡುವು. ಇಷ್ಟು ವರ್ಷದೊಳಗೆ ದಾವೆ ಹಾಕದಿದ್ದರೆ ಕೋರ್ಟು ಕೇಳುವುದಿಲ್ಲ ಎಂಬ ಕಟ್ಟಳೆ. ಭಾರತದಲ್ಲಿ ಇದರ ಮೊದಲ ದೊಡ್ಡ ಕಾಯ್ದೆ ೧೮೫೯ರದು. ಆಮೇಲೆ ೧೮೭೧, ೧೮೭೭, ೧೯೦೮. ಈಗ ಇರುವುದು ೧೯೬೩ರ ಕಾಯ್ದೆ. ಇದರ ಅನುಸೂಚಿಯಲ್ಲಿ ೧೩೭ ಬಾಬುಗಳಿವೆ. ಕೈಸಾಲಕ್ಕೆ ಮೂರು ವರ್ಷ, ಸ್ವತ್ತಿನ ಸ್ವಾಧೀನಕ್ಕೆ ಹನ್ನೆರಡು ವರ್ಷ, ಸರ್ಕಾರ ತಾನೇ ದಾವೆ ಹಾಕುವುದಾದರೆ ಮೂವತ್ತು ವರ್ಷ. ೧೯೦೮ರ ಕಾಯ್ದೆಯಲ್ಲಿ ಸರ್ಕಾರಕ್ಕೆ ಅರವತ್ತು ವರ್ಷವಿತ್ತು! ಎದುರುವಾದಿ ಗಡುವಿನ ಮಾತೇ ಎತ್ತದಿದ್ದರೂ ಗಡುವು ಮೀರಿದ ದಾವೆಯನ್ನು ಕೋರ್ಟು ವಜಾ ಮಾಡಲೇಬೇಕು ಎಂದು ಮೂರನೇ ಕಲಮು ಹೇಳುತ್ತದೆ.

ಇದರೊಳಗೂ ಒಂದು ಭೇದವಿದೆ, ಅದನ್ನು ಗಮನಿಸಬೇಕು. ಸಾಲದ ವಿಷಯದಲ್ಲಿ ಗಡುವು ಮೀರಿದರೆ ಸಾಯುವುದು ದಾವೆ ಮಾತ್ರ, ಹಕ್ಕು ಸಾಯುವುದಿಲ್ಲ. ಗಡುವು ಮುಗಿದ ಸಾಲವನ್ನು ಕೊಡುತ್ತೇನೆಂದು ಸಾಲಗಾರ ಹೊಸ ಕಾಗದಕ್ಕೆ ರುಜು ಹಾಕಿದರೆ ಆ ಸಾಲ ಎದ್ದು ಕೂರುತ್ತದೆ. ೧೮೭೨ರ ಕರಾರು ಕಾಯ್ದೆ ಇದನ್ನು ಒಪ್ಪುತ್ತದೆ. ಆದರೆ ಜಮೀನಿನ ವಿಷಯ ಹಾಗಲ್ಲ. ಸ್ವಾಧೀನಕ್ಕೆ ದಾವೆ ಹಾಕುವ ಗಡುವು ಮುಗಿದರೆ ಹಕ್ಕೇ ಅಳಿಯುತ್ತದೆ ಎನ್ನುತ್ತದೆ ಇಪ್ಪತ್ತೇಳನೇ ಕಲಮು. ಬೇರೆಯವರ ಹೊಲವನ್ನು ಬಹಿರಂಗವಾಗಿ, ತನ್ನದೇ ಎಂದು, ಹನ್ನೆರಡು ವರ್ಷ ಬಿಡದೆ ಉತ್ತವನು ಅದರ ಒಡೆಯನಾಗಬಹುದು. ಸಾಹುಕಾರನ ಹಣ ಗಡುವು ಮೀರಿದರೂ ಉಸಿರಾಡುತ್ತದೆ, ಬಡವನ ನೆಲ ಗಡುವು ಮೀರಿದರೆ ಉಸಿರೇ ನಿಲ್ಲುತ್ತದೆ. ಉಂಡೂ ಹೋದ ಕೊಂಡೂ ಹೋದ ಎಂಬ ಗಾದೆಯನ್ನು ಕಾಯ್ದೆಯ ಭಾಷೆಯಲ್ಲಿ ಬರೆದ ಹಾಗಿದೆ.

ಹಾಗಾದರೆ ಗಡುವೇ ಬೇಡವೆ? ನಾವು ಹಾಗೆ ಹೇಳಲಾರೆವು. ಸಾಕ್ಷಿಗಳು ಸಾಯುತ್ತಾರೆ, ಕಾಗದ ಗೆದ್ದಲು ತಿನ್ನುತ್ತದೆ, ತಾತನ ಸಾಲಕ್ಕೆ ಮೊಮ್ಮಗನ ಕುತ್ತಿಗೆ ಹಿಡಿಯುವುದು ಅನ್ಯಾಯ. ೧೮೫೯ರಲ್ಲಿ ಸಾಲಪತ್ರಕ್ಕೆ ಮೂರು ವರ್ಷ ಅಂತ ಗೆರೆ ಎಳೆದದ್ದೂ ಬಡ್ಡಿ ಬೆಳೆಯುತ್ತ ಹೋಗದಿರಲಿ ಎಂದೇ. ಆದದ್ದೇನು? ಪುಣೆ, ಅಹಮದನಗರದ ಕಡೆ ಸಾಹುಕಾರರು ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರಕ್ಕೆ ರೈತನ ಹೆಬ್ಬೆಟ್ಟು ಒತ್ತಿಸಿಕೊಳ್ಳತೊಡಗಿದರು. ಸಾಲಗಾರನನ್ನು ಕಾಯಬೇಕಾದ ಕಾಯ್ದೆ ಮೂರು ವರ್ಷಕ್ಕೊಂದು ಗಂಟು ಬೀಳುವ ಉರುಳಾಯಿತು. ೧೮೭೫ರ ಮೇ ೧೨ರಂದು ಸೂಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಲೆಕ್ಕದ ವಹಿ, ಸಾಲಪತ್ರಗಳಿಗೆ ಬೆಂಕಿ ಇಟ್ಟರು. ಗಲಭೆ ಸುತ್ತಲ ಹಳ್ಳಿಗಳಿಗೆ ಹಬ್ಬಿತು. ‘ಡೆಕ್ಕನ್ ಗಲಭೆ’ ಎಂದು ಚರಿತ್ರೆ ಪುಸ್ತಕ ಬರೆಯುವ ಆ ಬೆಂಕಿಯಲ್ಲಿ ಈ ಶಬ್ದದ ಪಾಲೂ ಇದೆ.

ನಮ್ಮ ಜೀತದಾಳುಗಳಿಗಂತೂ ಈ ಮೂರು ವರ್ಷದ ಗೆರೆ ಇದೆಯೆಂದೇ ಗೊತ್ತಾಗಲಿಲ್ಲ. ಅಪ್ಪ ಮದುವೆಗೆ ತಂದ ಸಾಲಕ್ಕೆ ಮಗ, ಮಗನ ಕಾಲಕ್ಕೆ ಮೊಮ್ಮಗ ಗೌಡರ ಕೊಟ್ಟಿಗೆ ಬಳಿದರು. ಆ ಸಾಲಕ್ಕೆ ಪತ್ರವೂ ಇರಲಿಲ್ಲ, ಕೋರ್ಟೂ ಇರಲಿಲ್ಲ, ಗಡುವೂ ಇರಲಿಲ್ಲ. ಕೋರ್ಟಿಗೆ ಹೋಗದೇ ವಸೂಲು ಮಾಡಬಲ್ಲವನಿಗೆ ಕೋರ್ಟಿನ ಗಡುವು ಏನು ಮಾಡೀತು? ೧೯೭೬ರ ಜೀತ ನಿರ್ಮೂಲನಾ ಕಾಯ್ದೆ ಬಂದು ‘ಈ ಸಾಲಗಳೆಲ್ಲ ಅಳಿದವು’ ಎಂದು ಹೇಳಬೇಕಾಯಿತು. ಅಂದರೆ ದಾವೆಯಷ್ಟೇ ಅಲ್ಲ, ಸಾಲವೇ ಸಾಯಬಹುದು ಎಂದು ಕಾನೂನಿಗೆ ಆಗ ಹೊಳೆಯಿತು.

ಗೆಳೆಯರೆ, ಗಡುವು ದಿನದ ಲೆಕ್ಕ. ಆದರೆ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ‘ಅನಾದಿ ಕಾಲ’ ಎಂಬುದಕ್ಕೂ ತಾರೀಖಿದೆ. ೧೨೭೫ರ ಶಾಸನದ ಪ್ರಕಾರ ಮೊದಲನೇ ರಿಚರ್ಡ್ ಪಟ್ಟಕ್ಕೆ ಬಂದ ೧೧೮೯ ಕಾನೂನಿನ ನೆನಪಿನ ಎಲ್ಲೆ. ಅದಕ್ಕೆ ಹಿಂದಿನದೆಲ್ಲ ಅನಾದಿ. ರಾಜನ ಕಿರೀಟದಿಂದ ನೆನಪು ಶುರುವಾಗುತ್ತದೆ! ನಮ್ಮಲ್ಲಿ ಮೇಲ್ಜಾತಿಯವರು ಇದೇ ‘ಅನಾದಿ’ಯನ್ನು ಗುರಾಣಿ ಮಾಡಿಕೊಂಡರು. ೧೯೨೭ರ ಮಾರ್ಚಿಯಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿದಾಗ, ಅಸ್ಪೃಶ್ಯರನ್ನು ಹೊರಗಿಡುವುದು ಅನಾದಿ ಕಾಲದ ವಾಡಿಕೆ ಎಂದು ಅವರ ಮೇಲೇ ದಾವೆ ಹೂಡಿದರು. ಹತ್ತು ವರ್ಷ ಎಳೆದಾಡಿ, ೧೯೩೭ರ ಮಾರ್ಚ್ ೧೭ರಂದು ಬೊಂಬಾಯಿ ಹೈಕೋರ್ಟು ಅಂಥ ಅನಾದಿ ವಾಡಿಕೆ ಸಾಬೀತಾಗಿಲ್ಲ ಎಂದಿತು. ಗೆದ್ದದ್ದು ಬಾಬಾಸಾಹೇಬರು. ಆದರೆ ವಾದದ ಜಾಡು ನೋಡಿ: ಹೊರಗಿಟ್ಟವರಿಗೆ ಕಾಲ ಹಳೆಯದಾದಷ್ಟೂ ಹಕ್ಕು ಗಟ್ಟಿ, ಹೊರಗಿದ್ದವರಿಗೆ ಕಾಲ ಹಳೆಯದಾದಷ್ಟೂ ಹಕ್ಕು ಸವಕಲು.

ಅಪರಾಧದ ಕಾನೂನಿಗೆ ಬನ್ನಿ. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆ ಸಣ್ಣ ಅಪರಾಧಗಳಿಗೆ ಗಡುವು ಹಾಕಿತು. ಬರೀ ದಂಡದ್ದಾದರೆ ಆರು ತಿಂಗಳು. ಒಂದು ವರ್ಷದವರೆಗಿನ ಶಿಕ್ಷೆಯದಾದರೆ ಒಂದು ವರ್ಷ. ಮೂರು ವರ್ಷದವರೆಗಿನದಾದರೆ ಮೂರು ವರ್ಷ. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೇ ಲೆಕ್ಕ ಮುಂದುವರಿದಿದೆ. ಈಗ ೧೯೫೫ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ಪಕ್ಕದಲ್ಲಿಡಿ. ದೇವಸ್ಥಾನದೊಳಕ್ಕೆ ಬಿಡದಿದ್ದರೆ, ಬಾವಿ ಮುಟ್ಟಗೊಡದಿದ್ದರೆ ಮೊದಲ ಸಲದ ಶಿಕ್ಷೆ ಒಂದು ತಿಂಗಳಿಗೆ ಕಡಿಮೆಯಿಲ್ಲ, ಆರು ತಿಂಗಳಿಗೆ ಹೆಚ್ಚಿಲ್ಲ. ಅಂದ ಮೇಲೆ ಗಡುವು ಒಂದು ವರ್ಷ. ಸಾವಿರಾರು ವರ್ಷದ ಅಸ್ಪೃಶ್ಯತೆಗೆ ವರ್ಷದೊಳಗೆ ದೂರು ಕೊಟ್ಟು ಮುಗಿಸಬೇಕು! ತಡವನ್ನು ಮನ್ನಿಸುವ ಅಧಿಕಾರ ಕೋರ್ಟಿಗೆ ಇದೆ, ನಿಜ. ೧೯೮೯ರ ದೌರ್ಜನ್ಯ ತಡೆ ಕಾಯ್ದೆಯ ಐದು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಈ ಗಡುವು ತಾಗುವುದಿಲ್ಲ, ಅದೂ ನಿಜ. ಆದರೆ ಅದೇ ೧೯೭೪ರಲ್ಲಿ, ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದ ವರ್ಷವೇ, ಇನ್ನೊಂದು ಪುಟ್ಟ ಕಾಯ್ದೆ ಮಾಡಿದರು: ಆರ್ಥಿಕ ಅಪರಾಧಗಳಿಗೆ ಈ ಗಡುವು ಅನ್ವಯಿಸುವುದಿಲ್ಲ ಎಂದು. ಆದಾಯ ತೆರಿಗೆ ವಂಚಿಸಿದವನ ಮೇಲೆ ಸರ್ಕಾರ ಯಾವಾಗ ಬೇಕಾದರೂ ಕೇಸು ಹಾಕಬಹುದು. ಖಜಾನೆಗೆ ಆದ ನಷ್ಟವನ್ನು ರಾಜ್ಯ ಮರೆಯಲೊಲ್ಲದು, ಬಾವಿಯ ಕಟ್ಟೆಯಿಂದ ತಳ್ಳಿಸಿಕೊಂಡವಳ ಅವಮಾನವನ್ನು ವರ್ಷಕ್ಕೆ ಮರೆಯಬಲ್ಲದು.

ಇದಕ್ಕಿಂತ ಘೋರವಾದದ್ದು ೨೦೧೩ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಲ್ಲಿದೆ. ಅದರ ಹತ್ತನೇ ಕಲಮಿನ ಪ್ರಕಾರ ಅಪರಾಧ ನಡೆದ ಮೂರು ತಿಂಗಳೊಳಗೆ ದೂರು ಬರದಿದ್ದರೆ ಆ ಕಾಯ್ದೆಯಡಿ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಮೂರು ತಿಂಗಳು! ಯಾರನ್ನು ಗುಂಡಿಗೆ ಇಳಿಸಿದರೋ ಅವರೇ ಮೇಲೆ ಬಂದು, ಮೈ ತೊಳೆದು, ಅದೇ ಕಂಟ್ರಾಕ್ಟರನ ಹತ್ತಿರ ನಾಳೆಯ ಕೂಲಿಗೆ ನಿಲ್ಲಬೇಕಾದವರು ಮೂರು ತಿಂಗಳಲ್ಲಿ ಅವನ ಮೇಲೆ ದೂರು ಕೊಡಬೇಕು. ಇದೇ ವಿಷಯದಲ್ಲಿ ೨೦೧೪ರಲ್ಲಿ ಸುಪ್ರೀಂ ಕೋರ್ಟು ೧೯೯೩ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆಲ್ಲ ಹತ್ತು ಲಕ್ಷ ಪರಿಹಾರ ಕೊಡಬೇಕೆಂದಿತು. ೨೦೨೩ರಲ್ಲಿ ಒಳಚರಂಡಿ ಸಾವಿನ ಪರಿಹಾರವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಅಂದರೆ ಇಪ್ಪತ್ತು ವರ್ಷ ಹಿಂದಕ್ಕೆ ತಿರುಗಿ ನೋಡಲು ಮನಸ್ಸಿದ್ದರೆ ದಾರಿಯೂ ಇದೆ. ಗೆರೆ ದೇವರು ಎಳೆದದ್ದಲ್ಲ.

ಗಡುವಿನ ಸಮರ್ಥನೆಗೆ ವಕೀಲರು ಒಂದು ಲ್ಯಾಟಿನ್ ಸೂತ್ರ ಹೇಳುತ್ತಾರೆ. ಕಾನೂನು ಎಚ್ಚರವಿದ್ದವರಿಗೆ ನೆರವಾಗುತ್ತದೆ, ನಿದ್ದೆ ಹೋದವರಿಗಲ್ಲ ಎಂದು ಅದರ ತಾತ್ಪರ್ಯ. ನಾವು ಕೇಳುವುದು: ನಿದ್ದೆ ಹೋದವರು ಯಾರು? ಕೋಳಿ ಕೂಗುವ ಮುಂಚೆ ಎದ್ದು ಒಡೆಯನ ದನಕ್ಕೆ ಹುಲ್ಲು ಹಾಕಿದವನು ನಿದ್ದೆ ಹೋದದ್ದು ಯಾವಾಗ? ಕಾನೂನಿಗೆ ಅಸಹಾಯಕತೆ ಗೊತ್ತಿಲ್ಲ ಎಂದೇನಿಲ್ಲ. ೧೯೬೩ರ ಕಾಯ್ದೆಯ ಆರನೇ ಕಲಮು ಮೂವರಿಗೆ ರಿಯಾಯಿತಿ ಕೊಡುತ್ತದೆ: ಅಪ್ರಾಪ್ತರು, ಬುದ್ಧಿಭ್ರಮಣೆಯಾದವರು, ಬುದ್ಧಿ ಬೆಳೆಯದವರು. ಹದಿನೇಳನೇ ಕಲಮಿನ ಪ್ರಕಾರ ಮೋಸ ನಡೆದಿದ್ದರೆ ಅದು ತಿಳಿದ ದಿನದಿಂದ ಎಣಿಕೆ. ಒಳ್ಳೆಯದೇ. ಆದರೆ ಅಕ್ಷರ ಕಲಿಯಗೊಡದೆ ಇಟ್ಟವರು, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಲು ಹೆದರುವಂತೆ ಮಾಡಿ ಇಟ್ಟವರು, ಕೇಸು ಹಾಕಿದರೆ ನಾಳೆ ಕೂಲಿಯಿಲ್ಲ ಎಂದು ಬಾಯಿ ಮುಚ್ಚಿಸಿ ಇಟ್ಟವರು ಇದ್ದಾರಲ್ಲ, ಅವರು ಮಾಡಿದ ಅಸಹಾಯಕತೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅದು ನಿನ್ನ ನಿದ್ದೆ, ನಿನ್ನ ಮಿತಿ.

ಈ ಮಾತು ಕರ್ನಾಟಕದಲ್ಲಿ ನೆಲಕ್ಕೆ ಇಳಿದದ್ದು ನಾವೆಲ್ಲ ‘ಪಿಟಿಸಿಎಲ್’ ಎಂದು ಕರೆಯುವ ಕಾಯ್ದೆಯಲ್ಲಿ. ದೇವರಾಜ ಅರಸರ ಕಾಲದಲ್ಲಿ, ೧೯೭೮ರಲ್ಲಿ ಆದದ್ದು. ೧೯೭೯ರ ಜನವರಿ ೧ರಿಂದ ಜಾರಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮುರಿದು ಪರಭಾರೆಯಾಗಿದ್ದರೆ, ಅದು ಕಾಯ್ದೆಗೆ ಮುಂಚೆ ಆಗಿದ್ದರೂ, ಆ ಕ್ರಯ ಅಸಿಂಧು. ಅಸಿಸ್ಟೆಂಟ್ ಕಮಿಷನರು ಜಮೀನು ಬಿಡಿಸಿ ಮಂಜೂರಾದವರಿಗೋ ಅವರ ವಾರಸುದಾರರಿಗೋ ಕೊಡಬೇಕು. ೧೯೮೪ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಕಾಯ್ದೆ ಬರುವ ಮುಂಚೆಯೇ ದೀರ್ಘ ಅನುಭವದಿಂದ ಒಡೆತನ ಪಕ್ಕಾ ಮಾಡಿಕೊಂಡವರನ್ನು ಮುಟ್ಟುವಂತಿಲ್ಲ ಎಂದೂ ಹೇಳಿತು. ಅಲ್ಲಿಗೆ ಹಿಂಬಾಗಿಲಿಂದ ಗಡುವು ಒಳಗೆ ಬಂತು.

ಕಾಯ್ದೆಯ ಒಳಗೆ ಅರ್ಜಿಗೆ ಗಡುವು ಇರಲಿಲ್ಲ. ೨೦೧೭ರಲ್ಲಿ ಸುಪ್ರೀಂ ಕೋರ್ಟು, ಗಡುವು ಬರೆದಿಲ್ಲದಿದ್ದರೂ ‘ಸಮಂಜಸವಾದ ಕಾಲ’ದೊಳಗೆ ಬರಬೇಕು, ಕಾಯ್ದೆ ಜಾರಿಯಾಗಿ ಇಪ್ಪತ್ತೈದು ವರ್ಷದ ಮೇಲೆ ಬಂದರೆ ಆಗದು ಎಂದಿತು. ಆ ತೀರ್ಪು ಹಿಡಿದುಕೊಂಡು ಅರ್ಜಿಗಳನ್ನು ಸಾಲುಸಾಲಾಗಿ ವಜಾ ಮಾಡಲಾಯಿತು. ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವು. ೨೦೨೩ರಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಿ, ಈ ಕಾಯ್ದೆಯಡಿ ಬರುವವರಿಗೆ ಕಾಲಮಿತಿ ಇಲ್ಲವೇ ಇಲ್ಲ ಎಂದು ಬರೆಯಿತು. ಗೆದ್ದೆವು ಎಂದುಕೊಂಡೆವು. ೨೦೨೪ರಲ್ಲಿ ರಾಜ್ಯ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು: ‘ಲಿಮಿಟೇಶನ್’ ಬೇರೆ, ‘ಲ್ಯಾಚಸ್’ ಬೇರೆ, ತಿದ್ದುಪಡಿ ಮೊದಲನೆಯದನ್ನು ತೆಗೆದರೂ ಎರಡನೆಯದು ಹೋಗುವುದಿಲ್ಲ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ‘ಲ್ಯಾಚಸ್’ ಹಳೆಯ ಫ್ರೆಂಚಿನಿಂದ ಬಂದ ಮಾತು. ಮೂಲದ ಅರ್ಥ ಸಡಿಲತನ, ಆಲಸ್ಯ. ಕಾಯ್ದೆ ಬರೆದವರು ‘ಕಾಲದ ಗೆರೆ’ ಅಳಿಸಿದ ಕೂಡಲೇ ‘ಮನುಷ್ಯನ ಆಲಸ್ಯ’ ಬಂದು ಅದೇ ಜಾಗದಲ್ಲಿ ಕೂತಿತು. ದಿನಬಳಕೆಯ ಇಂಗ್ಲಿಷು ಮತ್ತು ಕೋರ್ಟಿನ ಇಂಗ್ಲಿಷು ಬೇರೆ ಬೇರೆ ಎಂದುಕೊಂಡಿದ್ದೆವು; ಕಟ್ಟಕಡೆಗೆ ಎರಡೂ ಒಂದೇ ಜಗಲಿಯಲ್ಲಿ ಕೂತಿವೆ. ಗಡುವು ಎಂಬ ಅರ್ಥ ಸೋತಾಗ ಕೊರತೆ ಎಂಬ ಅರ್ಥ ಕೈಹಿಡಿಯುತ್ತದೆ. ನೀನು ತಡವಾಗಿ ಬಂದೆ ಎಂಬುದು ಹೋಗಿ, ನೀನು ಸೋಮಾರಿ ಎಂಬುದು ಬಂತು. ಇದು ಕೇರಿಯವರು ಕೇಳದ ಮಾತೇನಲ್ಲ.

ನ್ಯಾಯಾಲಯಗಳು ಯಾವಾಗಲೂ ಹೀಗೇ ಎಂದರೆ ಅದು ಸುಳ್ಳಾಗುತ್ತದೆ. ಹಿಮಾಚಲ ಪ್ರದೇಶದಲ್ಲಿ ಓದು ಬರಹ ಬಾರದ ಒಬ್ಬ ವಿಧವೆಯ ಜಮೀನನ್ನು ೧೯೬೭-೬೮ರಲ್ಲಿ ರಸ್ತೆಗೆಂದು ಕಾಸು ಕೊಡದೆ ಸರ್ಕಾರ ತೆಗೆದುಕೊಂಡಿತ್ತು. ಆಕೆ ಎಂಬತ್ತರ ಮುದುಕಿಯಾದಾಗ, ೨೦೨೦ರಲ್ಲಿ, ಸುಪ್ರೀಂ ಕೋರ್ಟು ಸರ್ಕಾರದ ‘ತಡವಾಯಿತು’ ಎಂಬ ವಾದವನ್ನೂ ‘ಅನುಭವದಿಂದ ನಮ್ಮದಾಯಿತು’ ಎಂಬ ವಾದವನ್ನೂ ತಳ್ಳಿಹಾಕಿ ಪರಿಹಾರ ಕೊಡಿಸಿತು. ಆ ತೀರ್ಪಿಗೆ ನಮ್ಮ ಗೌರವವಿದೆ. ಆ ಮುದುಕಿಯ ತಡಕ್ಕೆ ಕಾರಣ ಕೇಳಿದ ಹಾಗೆಯೇ ಮಂಜೂರಿ ಜಮೀನು ಕಳಕೊಂಡವನ ತಡಕ್ಕೂ ಕಾರಣ ಕೇಳಿ ಎಂಬುದು ನಮ್ಮ ಹಕ್ಕೊತ್ತಾಯ.

ಇನ್ನೊಂದು ಮಾತು. ಇದೇ ಶಬ್ದದ ಅಣ್ಣತಮ್ಮ ಪೇಟೆಯ ಬೋರ್ಡುಗಳ ಮೇಲೆ ನೇತಾಡುತ್ತಾನೆ: ‘ಲಿಮಿಟೆಡ್’. ೧೮೫೫ರಲ್ಲಿ ಬ್ರಿಟನ್ನಿನಲ್ಲಿ ಬಂದ ಕಾಯ್ದೆಯಿಂದ ಷೇರು ಹಾಕಿದವನ ಹೊಣೆ ಅವನ ಷೇರಿನಷ್ಟಕ್ಕೇ ಸೀಮಿತ. ಕಂಪನಿ ಮುಳುಗಿದರೂ ಅವನ ಮನೆಯ ಹಂಚು ಅಲ್ಲಾಡದು. ಬಂಡವಾಳಕ್ಕೆ ಮಿತಿ ಅಂದರೆ ರಕ್ಷಣೆ, ಭೂಹೀನನಿಗೆ ಮಿತಿ ಅಂದರೆ ಮುಚ್ಚಿದ ಬಾಗಿಲು. ಶಬ್ದಕೋಶ ಈ ಅರ್ಥಗಳನ್ನು ಒಂದು, ಎರಡು, ಮೂರು ಎಂದು ನಂಬರು ಹಾಕಿ ಒಂದರ ಕೆಳಗೊಂದು ಬರೆಯುತ್ತದೆ. ಯಾವ ಅರ್ಥ ಯಾರ ಪಾಲಿಗೆ ಎಂದು ಬರೆಯುವುದಿಲ್ಲ. ಅದನ್ನು ಬರೆಯಬೇಕಾದವರು ನಾವು.

ಹಾಗಾಗಿ ಓದುಗ ಗೆಳೆಯರಲ್ಲಿ ನಮ್ಮ ಕೋರಿಕೆ ಇಷ್ಟೆ. ಯಾರಾದರೂ ‘ಮಿತಿ’ ಎಂದಾಗ, ಅದು ವಿಮರ್ಶೆಯಲ್ಲಿರಲಿ, ತೀರ್ಪಿನಲ್ಲಿರಲಿ, ಮೂರು ಪ್ರಶ್ನೆ ಕೇಳಿ. ಈ ಗೆರೆ ಎಳೆದವರು ಯಾರು? ಎಣಿಕೆ ಶುರುವಾದದ್ದು ಯಾವ ದಿನದಿಂದ, ನೆಲ ಕಳಕೊಂಡ ದಿನದಿಂದಲೋ, ಬಾಯಿ ಬಂದ ದಿನದಿಂದಲೋ? ಆ ಗಡುವಿನೊಳಗೆ ಬರದಂತೆ ತಡೆದವರು ಯಾರು? ಊರುಗಳಲ್ಲಿ ದಾಖಲೆ ಓದಬಲ್ಲ ಹುಡುಗರು, ಹುಡುಗಿಯರು ಇದ್ದಾರೆ. ಕೇರಿಯ ಮನೆಮನೆಯ ಮಂಜೂರಾತಿ ಪತ್ರ, ಪಹಣಿ, ಕ್ರಯಪತ್ರ ತೆಗೆಸಿ ಓದಿ. ತಡವಾದದ್ದಕ್ಕೆ ಕಾರಣವನ್ನು ಅರ್ಜಿಯಲ್ಲಿ ನಾಚಿಕೆಪಡದೆ, ತಾರೀಖು ಸಮೇತ ಬರೆಸಿ: ಯಾರು ಹೆದರಿಸಿದರು, ಯಾವ ಸಾಲ, ಯಾವ ಜೀತ, ಯಾವ ಕಚೇರಿ ಎಷ್ಟು ಸಲ ತಿರುಗಿಸಿತು. ಆಲಸ್ಯ ಎಂದು ಬರೆಯುವ ಮುಂಚೆ ಆ ಕಾಗದವನ್ನು ಓದಲೇಬೇಕಾಗುವ ಹಾಗೆ ಮಾಡುವುದು ಸದ್ಯಕ್ಕೆ ನಮ್ಮ ಕೈಯಲ್ಲಿರುವ ಕೆಲಸ.